ಅಳಿಯನಿಗೆ ಏಳು ಕೋಲು

ಫೆಬ್ರವರಿ 3

ಮಗಳೇ,

ನಿನ್ನ ಗಂಡ ನನಗೊಂದು ಪತ್ರ ಬರೆದಿದ್ದಾನೆ. ಓದಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಮದುವೆಯಾಗಿ ಎಂಟು ತಿಂಗಳಾದ ಮೇಲೆ ಮಾವನ ಜೊತೆ ದೋಣಿಯಲ್ಲಿ ಕೂತು ಮೀನು ಹಿಡಿಯುವ ಆಸೆ ಹುಟ್ಟಿದೆಯಂತೆ. ಸಂತೋಷ, ಬರಲಿ. ಆದರೆ ಅವನು ಕೇಳಿರುವ ಪ್ರಶ್ನೆ ನೋಡು: "ಬಾಸ್ ಮೀನು ಹಿಡಿಯಲು ಒಬ್ಬ ಮನುಷ್ಯ ಎಷ್ಟು ಗಾಳದ ಕೋಲು ತರಬೇಕು? ದಯವಿಟ್ಟು ನಿಖರವಾಗಿ ತಿಳಿಸಿ."

ನಿಖರವಾಗಿ! ಗಡಿಯಾರ ರಿಪೇರಿ ಮಾಡುವವನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಮೀನಿನ ಹೊಟ್ಟೆಯಲ್ಲೂ ಹಲ್ಲಿನ ಚಕ್ರ ಇರುತ್ತದೆ ಅಂದುಕೊಂಡಿದ್ದಾನೋ ಏನೋ.

ಏಳು ಎಂದು ಬರೆದು ಹಾಕಿದ್ದೇನೆ.

ನಲವತ್ತು ವರ್ಷದಿಂದ ನಾನು ಆ ದೊಡ್ಡಬಾಯಿಯ ಮೀನನ್ನು ಒಂದೇ ಕೋಲಿನಲ್ಲಿ ಹಿಡಿಯುತ್ತಿರುವುದು ನಿನಗೆ ಗೊತ್ತು. ನನ್ನ ದೋಣಿಯಲ್ಲಿ ಇಬ್ಬರು ಕೂತರೆ ಉಳಿಯುವ ಜಾಗ ಟೀ ಫ್ಲಾಸ್ಕಿಗೆ ಮಾತ್ರ. ಅದರೊಳಗೆ ಏಳು ಕೋಲು! ಟೀ ಅಂಗಡಿಯವನಿಗೆ ಹೇಳಿದೆ, ಅವನು ಟಿಕೆಟ್ ಕೊಡುವವನಿಗೆ ಹೇಳಿದ, ಸಂಜೆಯೊಳಗೆ ದೋಣಿಕಟ್ಟೆಯ ಅಷ್ಟೂ ಜನಕ್ಕೆ ಗೊತ್ತಾಗಿ ಹೋಯಿತು. ಈಗ ನಿನ್ನ ಗಂಡ ಬರುವ ಭಾನುವಾರಕ್ಕಾಗಿ ಎಲ್ಲರೂ ಕಾಯುತ್ತಿದ್ದಾರೆ.

ಕೋಪ ಮಾಡಿಕೊಳ್ಳಬೇಡ. ಮೊದಲ ಸಲ ಬರುವವನಿಗೆ ಒಂದು ಸುಳ್ಳು ಹೇಳಿ ಕರೆಸಿಕೊಳ್ಳುವುದು ನಮ್ಮ ಕಟ್ಟೆಯ ಪದ್ಧತಿ. ನನಗೆ ಇಪ್ಪತ್ತು ವರ್ಷವಾಗಿದ್ದಾಗ, "ಮನುಷ್ಯನ ನೆರಳು ಕಂಡರೆ ಮೀನು ಬರಲ್ಲ, ಕೊಡೆ ತಗೊಂಡು ಬಾ" ಅಂದಿದ್ದರು. ಬೆಳಗಿನಿಂದ ಸಂಜೆಯವರೆಗೆ ದೋಣಿಯಲ್ಲಿ ಕೊಡೆ ಬಿಚ್ಚಿಕೊಂಡು ಕೂತಿದ್ದೆ. ಆಮೇಲೆ ಹತ್ತು ವರ್ಷ ನನ್ನನ್ನು 'ಕೊಡೆ' ಅಂತಲೇ ಕರೆದರು. ನಾನೇನು ಸತ್ತೆನೇ?

ಅವನ ಹತ್ತಿರ ಬಾಯಿ ಬಿಡಬೇಡ. ಬಿಟ್ಟರೆ ನೀನು ನನ್ನ ಮಗಳೇ ಅಲ್ಲ. ಫೋನೂ ಮಾಡಬೇಡ, ದೋಣಿ ಇಂಜಿನ್ನಿನ ಸದ್ದಿಗೆ ನನ್ನ ಕಿವಿ ಕೆಟ್ಟು ಕೂತಿದೆ. ಪತ್ರವೇ ಸರಿ.

ನಿನ್ನ ಪ್ರೀತಿಯ ಅಪ್ಪ


ಫೆಬ್ರವರಿ 11

ಅಪ್ಪಾ,

ನಿನ್ನ ಏಳು ನಮ್ಮ ಮನೆಗೆ ಬಂದು ತಲುಪಿದೆ. ಎರಡು ಕೊಂಡಿದ್ದಾಯಿತು, ಎರಡು ಮನೆಯ ಮಾಲೀಕರದ್ದು, ಒಂದು ಮೇಲಿನ ಮನೆಯ ಪೋಸ್ಟ್‌ಮ್ಯಾನ್ ಕೊಟ್ಟಿದ್ದು, ಒಂದು ಯಾರೋ ಗಿರಾಕಿಯದು. ಏಳನೆಯದಕ್ಕೆ ಊರೆಲ್ಲ ಸುತ್ತುತ್ತಿದ್ದಾರೆ. ಎಲ್ಲವನ್ನೂ ಬಟ್ಟೆಯ ಬೀರುವಿಗೆ ಒರಗಿಸಿದ್ದಾರೆ. ಕೆಲಸಕ್ಕೆ ಹೊರಡುವ ಹೊತ್ತಿಗೆ ನನ್ನ ಬಟ್ಟೆ ತೆಗೆಯಬೇಕೆಂದರೆ ಒಂದೊಂದೇ ಕೋಲು ಎತ್ತಿ ಮಂಚದ ಮೇಲೆ ಮಲಗಿಸಬೇಕು. ಕನ್ನಡಕದ ಅಂಗಡಿಯ ಕೆಲಸಕ್ಕೆ ನಾನು ಈ ವಾರ ಎರಡು ಸಲ ತಡವಾಗಿ ಹೋದೆ.

ನಿನ್ನೆ ಮಂಚದ ಮೇಲೆ ನಿಂತು, ದಾರದ ತುದಿಗೆ ಅಂಗಿಯ ಗುಂಡಿ ಕಟ್ಟಿಕೊಂಡು ಬೀಸುವುದು ಕಲಿಯುತ್ತಿದ್ದರು. ಗುಂಡಿ ಹೋಗಿ ಕನ್ನಡಿಗೆ ಬಡಿಯಿತು. ನನಗೆ ನಗು ತಡೆಯಲು ಆಗಲಿಲ್ಲ.

"ಯಾಕೆ ನಗ್ತೀಯ?" ಅಂದರು.

"ಏನಿಲ್ಲ. ಹಂಗೆ ನಿಂತ್ರೆ ನೀವು ಚೆನ್ನಾಗಿ ಕಾಣ್ತೀರಿ" ಅಂದೆ.

ಕೋಲು ಇಳಿಸಿ ಕೇಳಿದರು, "ನಿಮ್ಮಪ್ಪ ನನ್ನ ಜೊತೆ ತಮಾಷೆ ಮಾಡ್ತಿಲ್ಲ ತಾನೇ?"

"ಮೀನಿನ ವಿಷಯದಲ್ಲಿ ನಮ್ಮಪ್ಪ ತಮಾಷೆ ಮಾಡಲ್ಲ" ಅಂದೆ. ತಕ್ಷಣ ಮುಖ ಅರಳಿತು. ಚಿಕ್ಕ ನೋಟ್‌ಬುಕ್ಕಿನಲ್ಲಿ 'ಕೋಲು: 7' ಎಂದು ಬರೆದು ಅಡಿಗೆರೆ ಎಳೆದರು.

ಅಪ್ಪಾ, ಏಳು ಜಾಸ್ತಿಯಾಯಿತು. ನಾಲ್ಕಕ್ಕೆ ಇಳಿಸು. ನಗುವುದಕ್ಕೆ ನಾಲ್ಕು ಸಾಲದೇ?

ನಿನ್ನ ಮಗಳು


ಫೆಬ್ರವರಿ 19

ಮಗಳೇ,

ನಾಲ್ಕಕ್ಕೆ ಇಳಿಸುವ ಮಾತೇ ಇಲ್ಲ. ನಿನ್ನ ಪತ್ರವನ್ನು ಕಟ್ಟೆಯ ಮೇಲೆ ಎಲ್ಲರಿಗೂ ಓದಿ ಹೇಳಿದೆ. ಕನ್ನಡಿಗೆ ಗುಂಡಿ ಬಡಿದದ್ದು ಕೇಳಿ ಬಲೆ ಹೆಣೆಯುವವನು ನಕ್ಕು ನಿಲ್ಲಲಾರದೆ ಕಂಬ ಹಿಡಿದುಕೊಂಡ.

ಯಾವ ಕೋಲು ಯಾವುದಕ್ಕೆ ಎಂದು ಅಳಿಯಂದಿರು ವಿವರ ಕೇಳಿದ್ದರು. ಕೊಟ್ಟಿದ್ದೇನೆ. ಮೊದಲನೆಯದು ಬೆಳಗಿನ ತಂಪಿಗೆ. ಎರಡನೆಯದು ಬಿಸಿಲೇರಿದ ಮೇಲೆ, ಬಿಸಿಲಿಗೆ ಮೀನಿನ ಮನಸ್ಸು ಬದಲಾಗುತ್ತದೆ. ಮೂರನೆಯದು ಮುಳುಗಿದ ಮರದ ಬುಡದಲ್ಲಿ ಅಡಗುವ ನಾಚಿಕೆಯ ಮೀನಿಗೆ. ನಾಲ್ಕನೆಯದು ಜಂಭದ ಮೀನಿಗೆ. ಐದನೆಯದು ಎಡಗಡೆಗೆ ತಿರುಗುವ ಮೀನಿಗೆ. ಆರನೆಯದು ನಾಲ್ಕನೆಯದು ಮುರಿದರೆ. ಏಳನೆಯದು ಯಾಕೆಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. 'ಅದನ್ನು ದೋಣಿಯಲ್ಲೇ ಹೇಳುತ್ತೇನೆ, ಪತ್ರದಲ್ಲಿ ಬರೆಯುವಂಥದ್ದಲ್ಲ' ಎಂದು ಬರೆದೆ.

ಇನ್ನೊಂದು ಸೇರಿಸಿದ್ದೇನೆ. ಏಳಕ್ಕೂ ಮರದ ಮೀನು ಕಟ್ಟಿ, ಎಸೆಯಲು ತಯಾರಾಗಿರುವಂತೆ ತರಬೇಕು ಎಂದು. ಗೊತ್ತಲ್ಲ, ಆ ಬಣ್ಣ ಬಳಿದ ಹುಸಿಮೀನು, ಹೊಟ್ಟೆಯಡಿ ಮೂರು ಮೊನೆಯ ಗಾಳ ಇರುವಂಥದ್ದು. ಏಳು ಕೋಲಿನ ತುದಿಯಲ್ಲೂ ಅವು ತೂಗಾಡುತ್ತಿದ್ದರೆ ಬಸ್ಸಿನಿಂದ ಹೇಗೆ ಇಳಿಯುತ್ತಾನೆ ನೋಡಬೇಕು.

ಮಾರ್ಚ್ ಐದು, ಭಾನುವಾರ. ನೀನೂ ಬಾ ಅಂತಿದ್ದೆ, ಆದರೆ ನೀನು ಬಂದರೆ ನಗು ತಡೆಯಲಾರದೆ ಕೆಡಿಸಿಬಿಡುತ್ತೀಯ.

ನಿನ್ನ ಅಪ್ಪ


ಮಾರ್ಚ್ 9

ಅಪ್ಪಾ,

ಡಾಕ್ಟರ್ ಇವತ್ತು ಕಟ್ಟು ಬಿಚ್ಚಿ ನೋಡಿದರು. ಅವರ ಬಲಗೈ ಹೆಬ್ಬೆರಳಿನ ನರ ತುಂಡಾಗಿದೆ. ಹೊಲಿದಿದ್ದಾರೆ. ಬೆರಳು ಉಳಿಯುತ್ತದಂತೆ, ಆದರೆ ಮಡಚುವುದಿಲ್ಲವಂತೆ.

"ಗಡಿಯಾರದ ಕೆಲಸ ಮಾಡ್ತೀನಿ ಡಾಕ್ಟರೇ, ಚಿಮಟ ಹಿಡಿಯೋಕೆ ಆಗತ್ತಾ?" ಎಂದು ಕೇಳಿದರು. ಡಾಕ್ಟರ್ ನನ್ನ ಮುಖ ನೋಡಿದರು.

ದಾರ ಕತ್ತರಿಸಲು ಅಷ್ಟು ಹೊತ್ತು ಯಾಕಾಯಿತು?

ಮಗಳು


ಮಾರ್ಚ್ 14

ಮಗಳೇ,

ಅಷ್ಟು ಹೊತ್ತು ಏನೂ ಆಗಲಿಲ್ಲ. ಕೂಡಲೇ ಕತ್ತರಿಸಿದೆ. ದೋಣಿ ಅಂದಮೇಲೆ ಇಂಥದ್ದೆಲ್ಲ ಆಗುತ್ತದೆ. ದೋಣಿಗೆ ಬಳಿಯಲು ಟಾರು ಕಾಯಿಸುವಾಗ ನನ್ನ ಮೊಣಕೈ ಸುಟ್ಟಿತ್ತು, ನಿಮ್ಮಮ್ಮ ಊದಿ ಊದಿ ಗುಣ ಮಾಡಿದಳು.

ಬಂದದ್ದು ಮಾತ್ರ ಭರ್ಜರಿಯಾಗಿ ಬಂದ. ಬಸ್ಸಿನಿಂದ ಇಳಿಯುವಾಗಲೇ ಒಂದು ಗಾಳ ಕಂಡಕ್ಟರನ ಅಂಗಿಗೆ ಸಿಕ್ಕಿಕೊಂಡಿತ್ತು. ಕಟ್ಟೆಯ ಮೇಲೆ ಎಲ್ಲರೂ ಸಾಲಾಗಿ ನಿಂತಿದ್ದರು. ರಿಟೈರಾದ ಮೇಷ್ಟ್ರು ಗಟ್ಟಿಯಾಗಿ ಎಣಿಸಿದರು, "ಒಂದು, ಎರಡು, ಮೂರು..." ಏಳಕ್ಕೆ ಬರುವಷ್ಟರಲ್ಲಿ ಎಲ್ಲರ ಕಣ್ಣಲ್ಲೂ ನೀರು. ನಿನ್ನ ಗಂಡ ಅದು ಸ್ವಾಗತ ಅಂದುಕೊಂಡ. ಕೋಲು ಕಂಕುಳಲ್ಲಿ ಇಟ್ಟುಕೊಂಡೇ ಒಬ್ಬೊಬ್ಬರಿಗೂ ಕೈ ಮುಗಿದ. "ಅಳಿಯಂದ್ರೇ, ಎಂಟನೇದು ಮನೇಲಿ ಮರೆತು ಬಂದ್ರಾ?" ಅಂದ ಟೀ ಅಂಗಡಿಯವನು. "ಇಲ್ಲ ಸ್ವಾಮಿ, ಮಾವನವರು ಏಳೇ ಅಂದಿದ್ರು" ಅಂದ. ಪಾಪ, ಸಾಧು.

ಕಟ್ಟೆಯಿಂದ ಇಪ್ಪತ್ತು ಮಾರು ಹೋಗಿದ್ದೆವೋ ಇಲ್ಲವೋ, ಅವನ ಎರಡನೆಯ ಕೋಲಿಗೆ ಮೀನು ಕಚ್ಚಿತು. ದೊಡ್ಡದು. ಅವನು ಎದ್ದು ನಿಂತ. ಆ ದಾರ ಉಳಿದ ಕೋಲುಗಳ ನಡುವೆ ಸಿಕ್ಕಿಕೊಂಡಿತ್ತು. ಬಿಡಿಸಲು ಕೈ ಹಾಕಿದ, ಇನ್ನೊಂದರ ಗಾಳ ಹೆಬ್ಬೆರಳ ಬುಡಕ್ಕೆ ಹೊಕ್ಕಿತು. ಆ ಕಡೆ ಮೀನು ಎಳೆಯುತ್ತಿದೆ, ಈ ಕಡೆ ಇವನ ಬೆರಳು. ಅಷ್ಟೇ ಆದದ್ದು.

ಇಷ್ಟಕ್ಕೂ ಯಾರು ಬೇಕೆಂದು ಮಾಡಿದ್ದು? ಬೇಗ ಗುಣವಾಗಲಿ ಅನ್ನು.

ನಿನ್ನ ಅಪ್ಪ


ಮೇ 22

ಮಗಳೇ,

ಎರಡು ಪತ್ರ ಹಾಕಿದೆ, ಉತ್ತರವಿಲ್ಲ. ಕೈ ಹೇಗಿದೆ? ಇಲ್ಲಿ ನೀರು ಇಳಿದಿದೆ, ಮುಳುಗಿದ್ದ ಮರಗಳು ತಲೆ ಎತ್ತಿವೆ. ಕಟ್ಟೆಯ ಮೇಲೆ ಈಗ ಆ ವಿಷಯ ಎತ್ತಿ ಯಾರೂ ನಗುವುದಿಲ್ಲ. ನನಗೇ 'ಏಳುಕೋಲು' ಎಂದು ಹೆಸರಿಟ್ಟಿದ್ದಾರೆ. "ಏಳುಕೋಲು ಬಂದ, ಟೀ ಕೊಡು" ಅನ್ನುತ್ತಾರೆ. ಅಂದು ಹೊಟ್ಟೆ ಹಿಡಿದು ನಕ್ಕವರೇ ಈಗ ನ್ಯಾಯಾಧೀಶರ ಮುಖ ಮಾಡಿಕೊಂಡು ಕೂತಿದ್ದಾರೆ.

ಒಂದು ದಿನ ಬಂದು ನೋಡಿಕೊಂಡು ಹೋಗುತ್ತೇನೆ. ಯಾವತ್ತು ಬರಲಿ?

ಅಪ್ಪ


ಜುಲೈ 2

ಅಪ್ಪಾ,

ಬರಬೇಡ.

ಅವರ ಅಂಗಡಿ ಮುಚ್ಚಿದ್ದಾಯಿತು. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದಾರೆ. ಈಗ ಬೇರೆಯವರ ಅಂಗಡಿಯಲ್ಲಿ ನಿಂತು ಗಡಿಯಾರದ ಬೆಲ್ಟು ತೋರಿಸುತ್ತಾರೆ. ಬೆಲ್ಟು ಹಾಕಿ ಕೊಡುವುದಕ್ಕೂ ಅಲ್ಲಿನ ಮಾಲೀಕನನ್ನೇ ಕರೆಯಬೇಕು. ಅವನು ಗಿರಾಕಿಗಳ ಮುಂದೆಯೇ ಅನ್ನುತ್ತಾನಂತೆ, "ಬಿಡಿ ಬಿಡಿ, ನಿಮ್ಮ ಕೈಲಾಗಲ್ಲ."

ಇಷ್ಟರಲ್ಲೂ ಅವರು ನಿನ್ನನ್ನು ಬೈದಿಲ್ಲ. ಯಾಕೆ ಗೊತ್ತೇ? ಅವರಿಗೆ ಗೊತ್ತಿಲ್ಲ. ಮಾವ ಹೇಳಿದ್ದು ಸರಿ, ಎಲ್ಲರೂ ಏಳು ಕೋಲು ಇಟ್ಟುಕೊಂಡೇ ಮೀನು ಹಿಡಿಯುತ್ತಾರೆ, ತಾನೇ ಜೋಡಿಸಿದ್ದು ತಪ್ಪಾಯಿತು ಎಂದು ನಂಬಿದ್ದಾರೆ. ನೋಡಲು ಬಂದವರಿಗೆಲ್ಲ ಅದನ್ನೇ ಹೇಳುತ್ತಾರೆ. "ಮಾವನವರು ಸರಿಯಾಗಿಯೇ ಹೇಳಿದ್ರು. ನಾನೇ ಒಂದರ ಮೇಲೊಂದು ಇಟ್ಟೆ. ಅನುಭವ ಸಾಲದು." ತನ್ನ ತಪ್ಪು ಅಂದುಕೊಂಡರೆ ಅವರಿಗೆ ನಿದ್ದೆ ಬರುತ್ತದೆ. ತಪ್ಪಾದರೆ ತಿದ್ದಬಹುದಲ್ಲ, ಅವರ ಕೆಲಸವೇ ಅದಾಗಿತ್ತು. ನಿಮ್ಮ ಒಂದು ಬೆಳಗಿನ ನಗುವಿಗೆ ಬೆರಳು ಹೋಯಿತು ಎಂದು ತಿಳಿದರೆ ಅವರಿಗೆ ತಿದ್ದಲು ಏನೂ ಉಳಿಯುವುದಿಲ್ಲ.

ನಿನ್ನನ್ನು ಕೇಳುವುದು ಒಂದೇ. ಯಾವತ್ತೂ ಹೇಳಬೇಡ. ಕ್ಷಮೆ ಕೇಳಬೇಕು ಅನ್ನಿಸಿದರೆ ಕೆರೆಯನ್ನು ಕೇಳು, ದೋಣಿಯನ್ನು ಕೇಳು. ಅವರನ್ನು ಕೇಳಬೇಡ.

ಮಗಳು


ನವೆಂಬರ್ 20

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಅಕ್ಷರ ಸೊಟ್ಟಗಿರುವುದಕ್ಕೆ ಕ್ಷಮಿಸಬೇಕು. ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಾನು ಪತ್ರ ಬರೆಯುವುದು ಅವಳಿಗೆ ತಿಳಿಯದು. ಅವಳು ಕೆಲಸದಿಂದ ಬರುವುದರೊಳಗೆ ಹಾಕಿಬಿಡುತ್ತೇನೆ.

ಕಳೆದ ಸಲದ ನನ್ನ ಅಜಾಗರೂಕತೆಯಿಂದ ನಿಮ್ಮ ಒಂದು ದಿನ ಹಾಳಾಯಿತು. ಕಟ್ಟೆಯ ಮೇಲೆ ಅಷ್ಟು ಜನ ಹಿರಿಯರು ಸ್ವಾಗತಿಸಲು ನಿಂತಿದ್ದರು, ಅವರಿಗೊಂದು ಮೀನು ತೋರಿಸಲು ಆಗಲಿಲ್ಲ. ಅದು ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ.

ಆಮೇಲೆ ಯೋಚನೆ ಮಾಡಿದೆ. ತಪ್ಪಾದದ್ದು ಕೋಲಿನ ಲೆಕ್ಕದಲ್ಲಿ ಅಲ್ಲ, ಕೋಲುಗಳ ನಡುವಿನ ಅಂತರದಲ್ಲಿ. ಹಾಗಾಗಿ ಒಂದು ಮರದ ಹಲಗೆ ಮಾಡಿದ್ದೇನೆ. ದೋಣಿಯ ಹಿಂಬದಿಗೆ ತಿರುಪಿನಿಂದ ಸಿಕ್ಕಿಸಬಹುದು. ಅದರಲ್ಲಿ ಕೋಲು ಕೂರಿಸಲು ಏಳು ಕಚ್ಚುಗಳು, ಒಂದಕ್ಕೊಂದು ನಾಲ್ಕು ಬೆರಳು ದೂರ. ಯಾವ ದಾರವೂ ಇನ್ನೊಂದನ್ನು ಮುಟ್ಟುವುದಿಲ್ಲ. ಎಡಗೈಯಲ್ಲಿ ಉಳಿ ಹಿಡಿದು ಮಾಡಿದ್ದರಿಂದ ನಾಲ್ಕು ತಿಂಗಳು ಹಿಡಿಯಿತು. ಮೊದಲ ಎರಡು ಹಲಗೆ ಸೀಳಿ ಹೋದವು, ಇದು ಮೂರನೆಯದು. ಬೀಸುವುದನ್ನೂ ಎಡಗೈಯಲ್ಲೇ ಕಲಿತಿದ್ದೇನೆ. ಈಗ ಗುಂಡಿ ಕನ್ನಡಿಗೆ ಬಡಿಯುವುದಿಲ್ಲ.

ಆದ್ದರಿಂದ ಮತ್ತೆ ಕೇಳುತ್ತಿದ್ದೇನೆ. ಈ ಚಳಿಗಾಲದಲ್ಲಿ ಒಂದು ಭಾನುವಾರ ಬರಬಹುದೇ? ಬಂದರೆ ಎಷ್ಟು ಕೋಲು ತರಲಿ? ಏಳೇ ಅಂದರೆ ಏಳೂ ತಯಾರಿವೆ. ಏಳನೆಯದು ಯಾಕೆಂದು ದೋಣಿಯಲ್ಲಿ ಹೇಳುತ್ತೇನೆ ಅಂದಿದ್ದಿರಿ. ಅವತ್ತು ಕೇಳಲು ಆಗಲಿಲ್ಲ.

ಆಶೀರ್ವಾದ ಬೇಡುವ,
ನಿಮ್ಮ ಅಳಿಯ


ಡಿಸೆಂಬರ್ 1

ಅಳಿಯಂದಿರಿಗೆ ಆಶೀರ್ವಾದಗಳು.

ನಿಮ್ಮ ಪತ್ರ ಇಟ್ಟುಕೊಂಡು ಒಂದು ವಾರ ಕೂತೆ. ಮೂರು ಸಲ ಏಳು ಎಂದು ಬರೆದು ಹರಿದು ಹಾಕಿದೆ.

ಒಂದು ಸಾಕು. ಮೊದಲೂ ಒಂದೇ ಸಾಕಿತ್ತು.

ಏಳು ಎಂದದ್ದು ತಮಾಷೆಗೆ. ಹೊಸಬರಿಗೆ ಹೀಗೆ ಮಾಡುವುದು ನಮ್ಮಲ್ಲಿ ರೂಢಿ. ಕಟ್ಟೆಯ ಮೇಲೆ ನಿಂತಿದ್ದವರು ಸ್ವಾಗತಕ್ಕೆ ನಿಂತಿರಲಿಲ್ಲ. ಏಳನೆಯ ಕೋಲು ಯಾಕೆಂದು ಕೇಳಿದಿರಿ. ನಗುವುದಕ್ಕೆ.

ಇನ್ನೊಂದು ಹೇಳಿಬಿಡುತ್ತೇನೆ. ಚಾಕು ನನ್ನ ಸೊಂಟದಲ್ಲೇ ಇತ್ತು. ನಿಮ್ಮ ಬೆರಳಿಗೆ ಗಾಳ ಹೊಕ್ಕಿದ್ದು ಕಂಡಿತು. ಕಟ್ಟೆಯ ಮೇಲಿನವರು ಕೂಗಿ ನಗುತ್ತಿದ್ದರು. ಅವರತ್ತ ತಿರುಗಿ ನಾನೂ ಒಂದು ಮಾತು ಕೂಗಿದೆ. "ಮೀನು ಅಳಿಯನ್ನ ಹಿಡೀತು ನೋಡ್ರೋ" ಅಂತ. ಅದನ್ನು ಹೇಳಿ, ಅವರು ನಕ್ಕು ಮುಗಿಸಿದ ಮೇಲೆ ದಾರ ಕತ್ತರಿಸಿದೆ. ಅಷ್ಟರಲ್ಲಿ ಮೀನು ಎರಡು ಸಲ ಎಳೆದಿತ್ತು.

ಮಗಳು ಇದನ್ನು ಹೇಳಬೇಡ ಅಂದಿದ್ದಳು. ಆದರೆ ಆ ಏಳು ಕಚ್ಚಿನ ಹಲಗೆಯ ವಿಷಯ ಓದಿದ ಮೇಲೆ ಹೇಳದೆ ಇರಲು ನನ್ನಿಂದ ಆಗಲಿಲ್ಲ. ಈಗ ನನ್ನ ಎದೆ ಹಗುರವಾಗಿದೆ. ಇನ್ನು ಮುಂದೆ ನನ್ನಿಂದ ನಿಮಗೆ ಸುಳ್ಳು ಲೆಕ್ಕ ಬರುವುದಿಲ್ಲ. ಇದು ನನ್ನ ಮಾತು.

ಬನ್ನಿ. ಒಂದೇ ಕೋಲು ತನ್ನಿ. ಅದೂ ಬೇಡವೆಂದರೆ ನನ್ನದನ್ನೇ ಕೊಡುತ್ತೇನೆ.

ಇಂತಿ,
ನಿಮ್ಮ ಮಾವ


ಡಿಸೆಂಬರ್ 12

ಎದೆ ಹಗುರವಾಯಿತೇ, ಅಪ್ಪಾ?

ಆ ತೂಕ ಎಲ್ಲಿಗೆ ಹೋಯಿತು ಎಂದು ಹೇಳುತ್ತೇನೆ. ನಿನ್ನ ಪತ್ರವನ್ನು ಅವರು ನಿಂತುಕೊಂಡೇ ಓದಿದರು. ಆಮೇಲೆ ಕೂತು ಓದಿದರು. ಆಮೇಲೆ ಬೀರುವಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಓದಿದರು, ಅಕ್ಷರಗಳ ಸಂದಿಯಲ್ಲಿ ಬೇರೇನಾದರೂ ಇದೆಯೇನೋ ಎನ್ನುವ ಹಾಗೆ. ಹಲಗೆಯನ್ನು ಒಡೆದು ಹಾಕುತ್ತಾರೆ ಅಂದುಕೊಂಡೆ. ಒಡೆಯಲಿಲ್ಲ. ಒರೆಸಿ ಗೋಡೆಗೆ ಒರಗಿಸಿಟ್ಟರು. ಬೆಲ್ಟಿನ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದ್ದಾರೆ. ದಿನವಿಡೀ ಅದರ ಎದುರು ಕೂತಿರುತ್ತಾರೆ.

ಮೂರನೆಯ ದಿನ ಕೇಳಿದರು. "ನಾನು ಹೊರಡೋಕೆ ಮುಂಚೆನೇ ನಿಂಗೆ ಗೊತ್ತಿತ್ತಾ?"

"ಇಲ್ಲ, ಆಮೇಲೇ ತಿಳಿದದ್ದು" ಅಂದೆ. "ಆಣೆ ಮಾಡು" ಅಂದರು. ಮಾಡಿದೆ.

ಅದನ್ನು ನಂಬಿದ್ದಾರೆ. ಅವರ ಹತ್ತಿರ ಈಗ ಉಳಿದಿರುವುದು ಅದೊಂದೇ. ಆ ಸಂಜೆ ಅನ್ನ ಕಲಸಿ ಕೊಟ್ಟೆ, ತಿಂದರು.

ಇವತ್ತು ಬೆಳಗ್ಗೆ ಹೀಗೆ ಬರೆಯಲು ಹೇಳಿದರು, ಅವರು ಹೇಳಿದಂತೆಯೇ ಬರೆಯುತ್ತಿದ್ದೇನೆ: "ಏಳು ಎಂಬುದು ಸುಳ್ಳು ಎಂದು ನಾನು ಬರುವ ಮೊದಲೇ ಗೊತ್ತಿದ್ದವರು ಒಟ್ಟು ಎಷ್ಟು ಜನ? ದಯವಿಟ್ಟು ನಿಖರವಾಗಿ ತಿಳಿಸಿ." ಸಂಖ್ಯೆ ತಿಳಿದುಬಿಟ್ಟರೆ ಸಾಕಂತೆ. ಯಾಕೆ ಸಾಕು, ನನಗೆ ಅರ್ಥವಾಗಲಿಲ್ಲ. ಅವರು ಅಂಥವರು.

ಕಟ್ಟೆಯ ಮೇಲೆ ಇದ್ದವರನ್ನು ಎಣಿಸಿ ಬರೆ. ಅಷ್ಟೇ ಬರೆ. ಅರ್ಥವಾಯಿತೇ? ಪತ್ರ ಅವರ ಹೆಸರಿಗೇ ಇರಲಿ, ಅವರೇ ಒಡೆಯುತ್ತಾರೆ.

ಇದಾದ ಮೇಲೆ ನನಗೆ ಪತ್ರ ಹಾಕಬೇಡ. ಕೇಳಿದವರಿಗೆ ನನಗೆ ಅಪ್ಪ ಇಲ್ಲ ಅನ್ನುತ್ತೇನೆ. ನೀನೇ ಬರೆದಿದ್ದೆಯಲ್ಲ, ಬಾಯಿ ಬಿಟ್ಟರೆ ನೀನು ನನ್ನ ಮಗಳೇ ಅಲ್ಲ ಎಂದು. ಬಾಯಿ ಬಿಟ್ಟವನು ನೀನು.


ಡಿಸೆಂಬರ್ 18

ಅಳಿಯಂದಿರಿಗೆ,

ನೀವು ಕೇಳಿದ ಲೆಕ್ಕ.

ಟಿಕೆಟ್ ಕೊಡುವವನು. ಟೀ ಅಂಗಡಿಯವನು, ಅವನ ಹೆಂಡತಿ. ಬಲೆ ಹೆಣೆಯುವವನು. ಐಸ್ ಮಾರುವವನು. ದೋಣಿ ಬಾಡಿಗೆಗೆ ಕೊಡುವ ಅಣ್ಣ ತಮ್ಮಂದಿರಿಬ್ಬರು. ಎರೆಹುಳು ಮಾರುವ ಮುದುಕಿ. ನಿಮ್ಮನ್ನು ನೋಡಲೆಂದೇ ಒಂದು ದಿನ ಹೆಚ್ಚು ಉಳಿದುಕೊಂಡ ಇಬ್ಬರು ಮೀನಿನವರು. ಎಣಿಸಿದ ಮೇಷ್ಟ್ರು. ಅಲ್ಲಿಗೆ ಹನ್ನೊಂದು. ನಾನು ಸೇರಿದರೆ ಹನ್ನೆರಡು.

ಇಲ್ಲಿಗೆ ನಿಲ್ಲಿಸು ಎಂದು ನನಗೆ ಅಪ್ಪಣೆಯಾಗಿದೆ. ಅಪ್ಪಣೆ ಮಾಡಿದವರು ಈಗ ನನಗೆ ಏನೂ ಆಗಬೇಕಾಗಿಲ್ಲವಂತೆ. ಇನ್ನು ಸುಳ್ಳು ಲೆಕ್ಕ ಕೊಡುವುದಿಲ್ಲ ಎಂದು ನಿಮಗೆ ಮಾತು ಕೊಟ್ಟಿದ್ದೇನೆ. ನೀವೂ ನಿಖರವಾಗಿ ಎಂದು ಕೇಳಿದ್ದೀರಿ.

ಒಟ್ಟು ಹದಿಮೂರು. ಹದಿಮೂರನೆಯವರು ಅವತ್ತು ಕಟ್ಟೆಯ ಮೇಲೆ ಇರಲಿಲ್ಲ. ಫೆಬ್ರವರಿ ಹನ್ನೊಂದರಂದು ನನಗೆ ಬರೆದ ಒಂದು ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಅಕ್ಷರ ನಿಮಗೆ ಪರಿಚಯವಿದೆ. ಏಳು ಜಾಸ್ತಿಯಾಯಿತು, ನಾಲ್ಕಕ್ಕೆ ಇಳಿಸು ಎಂದು ಅದರ ಕೊನೆಯಲ್ಲಿದೆ.

ಇಂತಿ,
ಮಾವ